ಸೈರನ್ನಿಗೆ ನಾನು ಹೊಲಿದ ಕುಲಾವಿ

ಮಾನ್ಯ ನಾಗರಿಕ ರಕ್ಷಣಾಧಿಕಾರಿಗಳೇ,

ನಿಮ್ಮ ಕಚೇರಿ ಊರಿನ ಗೋಡೆಗೋಡೆಗೂ ಅಂಟಿಸಿರುವ ಹೊಸ ಪೋಸ್ಟರಿನಲ್ಲಿ ಒಂದು ಸುಳ್ಳಿದೆ. 'ಸೈರನ್ ಕೇಳಿದರೂ ಕೈಯಲ್ಲಿದ್ದ ಕೆಲಸ ಬಿಡದ ಅಂಗಡಿಯಾಕೆ ಇಂದು ಆಸ್ಪತ್ರೆಯಲ್ಲಿ. ನಾಳೆ ನೀವು?' ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿದ್ದೀರಿ. ಆ ಅಂಗಡಿಯಾಕೆ ನನ್ನ ಅಕ್ಕ. ಅವಳಿಗೆ ಸೈರನ್ ಕೇಳಿಸಲೇ ಇಲ್ಲ. ಕೇಳಿಸದಂತೆ ಮಾಡಿದವನು ನಾನು. ಗೊತ್ತಿದ್ದೂ ಸುಮ್ಮನಿದ್ದವರು ನೀವು. ಆ ಪೋಸ್ಟರನ್ನು ಕಿತ್ತು ಹಾಕಿಸಿ ಎಂದು ಕೇಳುವುದಕ್ಕೆ ಇದನ್ನು ಬರೆಯುತ್ತಿದ್ದೇನೆ. ಪತ್ರಿಕೆಯ ಮೂಲಕ ಏಕೆ, ನೇರವಾಗಿ ಬಂದು ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಗುಟ್ಟಾಗಿ ಹೇಳಿದರೆ ನೀವೂ ನಾನೂ ಸೇರಿ ಇದನ್ನೂ ಮುಚ್ಚಿಬಿಡುತ್ತೇವೆ ಎಂಬ ಹೆದರಿಕೆ ನನಗಿದೆ. ಮುಚ್ಚುವ ಕೆಲಸದಲ್ಲಿ ನಮ್ಮಿಬ್ಬರ ಕೈಯೂ ಚೆನ್ನಾಗಿ ಪಳಗಿದೆ.

ನಾನು ಸೋಫಾ, ಕುರ್ಚಿ, ಬಸ್ಸಿನ ಸೀಟುಗಳಿಗೆ ಕುಷನ್ ಹಾಕಿ ಹೊದಿಕೆ ಹೊಲಿಯುವವನು. ರೈಲು ಯಾರ್ಡಿಗೆ ಹೋಗುವ ರಸ್ತೆಯ ನಾಲ್ಕಂತಸ್ತಿನ ಕಟ್ಟಡದಲ್ಲಿ ಕೆಳಗೆ ನನ್ನ ಅಂಗಡಿ, ಮೇಲೆ ಮನೆ. ರಸ್ತೆ ದಾಟಿದರೆ ಎದುರಿಗೇ ಅಕ್ಕನ ಅಂಗಡಿ. ಫೋಟೋಗಳಿಗೆ ಕಟ್ಟು ಹಾಕುವುದು, ಕಿಟಕಿಗೆ ಗಾಜು ಕೊಯ್ದು ಕೊಡುವುದು ಅವಳ ಕಸುಬು. ಭಾವ ತೀರಿಕೊಂಡ ಮೇಲೆ ಒಬ್ಬಳೇ ನಡೆಸಿಕೊಂಡು ಬಂದವಳು. ಹಾಳೆ ಗಾಜಿನ ಮೇಲೆ ಕಟರ್ ಎಳೆದು, ಬೆರಳಿನಿಂದ ಒಂದೇ ಒಂದು ಸಲ ತಟ್ಟಿದರೆ ಗೆರೆಯ ಉದ್ದಕ್ಕೂ ಎರಡು ಹೋಳಾಗಬೇಕು. ತಟ್ಟಿದ ಸದ್ದಿನಲ್ಲೇ ಅದು ಸರಿಯಾಗಿ ಒಡೆಯುತ್ತದೋ ಅಡ್ಡಾದಿಡ್ಡಿ ಸೀಳುತ್ತದೋ ಅವಳಿಗೆ ತಿಳಿಯುತ್ತಿತ್ತು. ಅಂಥ ಕಿವಿಯವಳು. ಈ ಮಾತನ್ನು ನೀವು ದಯವಿಟ್ಟು ನೆನಪಿಟ್ಟುಕೊಳ್ಳಬೇಕು.

ಕಳೆದ ವರ್ಷ ಗಡಿಯ ಕಡೆ ಮಾತು ಬಿಸಿಯಾದಾಗ ನಿಮ್ಮವರು ಬಂದು ನಮ್ಮ ತಾರಸಿಯ ಮೇಲೆ ಸೈರನ್ ಕೂರಿಸಿದರು. ಸುತ್ತಲಿನ ಬೀದಿಗಳಿಗೆಲ್ಲ ನಮ್ಮದೇ ಎತ್ತರದ ಕಟ್ಟಡವಂತೆ. ನಾವೂ ಬೀಗಿದೆವು. ಪ್ರತಿ ಬುಧವಾರ ಬೆಳಿಗ್ಗೆ ಹತ್ತಕ್ಕೆ ಅದನ್ನು ಊದಿ ಪರೀಕ್ಷೆ ಮಾಡುತ್ತೇವೆ, ಆಗ ಎಲ್ಲರೂ ನೆಲಮಾಳಿಗೆಗೆ ಇಳಿದು ಅಭ್ಯಾಸ ಮಾಡಬೇಕು ಎಂದರು. ಮೊದಲ ಕೆಲವು ವಾರ ಮಕ್ಕಳು ಮರಿ ಸಮೇತ ಇಳಿದೆವು. ಆಮೇಲೆ ಮುಕ್ಕಾಲು ಜನ ಮೆಟ್ಟಿಲ ತನಕ, ಆಮೇಲೆ ಬಾಗಿಲ ತನಕ, ಆಮೇಲೆ ಕುಳಿತಲ್ಲೇ. ಅಕ್ಕ ಒಬ್ಬಳು ಮಾತ್ರ ಒಂದು ವಾರವೂ ತಪ್ಪಿಸಲಿಲ್ಲ. ಸೈರನ್ ಕೇಳಿದ ಕೂಡಲೇ ಗಾಜಿನ ಹಾಳೆಗಳನ್ನು ನೆಲದ ಮೇಲೆ ಮಲಗಿಸಿ, ಮೇಲೆ ಗೋಣಿಚೀಲ ಹೊದಿಸಿ, ರಸ್ತೆ ದಾಟಿ ನಮ್ಮ ನೆಲಮಾಳಿಗೆಗೆ ಇಳಿಯುತ್ತಿದ್ದಳು. ಬೀದಿಯವರು ಅವಳಿಗೆ 'ಕಮಾಂಡರ್' ಎಂದು ಹೆಸರಿಟ್ಟರು. "ಕಮಾಂಡರ್ ಇಳಿದ್ರು, ಇನ್ನು ದೇಶಕ್ಕೆ ಭಯ ಇಲ್ಲ" ಎಂದು ನಾನೂ ನಕ್ಕವನೇ.

ಸೈರನ್ನಿನ ಸದ್ದು ಜೋರಾಗಿತ್ತು ನಿಜ. ಜೋರಾಗಿರುವುದೇ ಅದರ ಕಸುಬು. ಆದರೆ ಅದರ ಬಾಯಿಯ ನೇರ ಕೆಳಗೆ ಕೊನೆಯ ಮಹಡಿಯ ಬಾಣಂತಿಯ ತೊಟ್ಟಿಲು. ಮಗ್ಗುಲ ಮನೆಯಲ್ಲಿ ಎದೆನೋವಿನ ನಿವೃತ್ತ ಮೇಷ್ಟ್ರು. ಬುಧವಾರ ಬಂತೆಂದರೆ ಕೂಸು ಬೆಚ್ಚಿ ಬಿದ್ದು ಅಳಲು ಶುರುಮಾಡಿದರೆ ಸಂಜೆಯ ತನಕ ನಿಲ್ಲಿಸುತ್ತಿರಲಿಲ್ಲ. ನಾವು ನಿಮ್ಮ ಕಚೇರಿಗೆ ಬಂದೆವು. ಸೈರನ್ ತೆಗೆಯಿರಿ ಎನ್ನಲಿಲ್ಲ, ಅದರ ಬಾಯಿಯನ್ನು ಮನೆಗಳ ಕಡೆಯಿಂದ ರಸ್ತೆಯ ಕಡೆಗೆ ತಿರುಗಿಸಿ ಎಂದೆವು. ನಾಲ್ಕು ಬೋಲ್ಟು ಸಡಿಲಿಸಿ ಬಿಗಿಯುವ ಕೆಲಸ. ಕೌಂಟರಿನಲ್ಲಿದ್ದವರು "ಕೂರಿಸಿದ ಮೇಲೆ ತಿರುಗಿಸೋ ಹಾಗಿಲ್ಲ, ಮೇಲಿನಿಂದ ಆರ್ಡರ್ ಬರಬೇಕು" ಎಂದು ಹೇಳಿ, ದೇಶಪ್ರೇಮದ ಬಗ್ಗೆ ಒಂದು ಕರಪತ್ರವನ್ನು ಕೈಗಿತ್ತು ಕಳಿಸಿದರು. ಕೂಸಿನ ನಿದ್ದೆಗೆ ಕರಪತ್ರದಿಂದ ಏನಾಗಬೇಕು ಹೇಳಿ. ಹಾಗೆಂದು ನಾವು ಎರಡನೆಯ ಸಲ ಬಂದೆವೇ? ಗಟ್ಟಿಯಾಗಿ ಕೇಳಿದೆವೇ? ಇಲ್ಲ. ಸರ್ಕಾರದ ಹತ್ತಿರ ಎರಡು ಸಲ ಕೇಳುವುದಕ್ಕಿಂತ ಸರ್ಕಾರದ ಕಣ್ಣು ತಪ್ಪಿಸುವುದು ಸುಲಭ ಎಂಬುದು ನಾವು ಹುಟ್ಟುತ್ತಲೇ ಕಲಿತು ಬಂದ ವಿದ್ಯೆ.

"ಕುಷನ್ನಿನವರೇ, ನೀವೇ ಏನಾದ್ರೂ ಮಾಡಿ. ಅದರ ಬಾಯಿಗೆ ಒಂದಿಷ್ಟು ಬಟ್ಟೆ ತುರುಕಿದ್ರೂ ಸಾಕು" ಎಂದರು ಮೇಷ್ಟ್ರು.

"ಬಟ್ಟೆ ತುರುಕಿದ್ರೆ ಮೋಟಾರು ಸುಟ್ಟು ಹೋಗತ್ತೆ ಸಾರ್. ಮಾಡೋದೇ ಆದ್ರೆ ಅಳತೆ ತಗೊಂಡು ಮಾಡಬೇಕು" ಎಂದೆ ನಾನು.

ನೋಡಿ, ನನ್ನ ಬುದ್ಧಿ ಎಲ್ಲಿಗೆ ಓಡಿತು. ಮಾಡಬಹುದೋ ಮಾಡಬಾರದೋ ಎಂಬುದು ಹೊಳೆಯಲೇ ಇಲ್ಲ, ಮಾಡಿದರೆ ಅಚ್ಚುಕಟ್ಟಾಗಿ ಮಾಡಬೇಕು ಎಂಬುದೊಂದೇ ಹೊಳೆಯಿತು. ಟೇಪು ಹಿಡಿದು ತಾರಸಿ ಹತ್ತಿದೆ. ಒಳಗೆ ಹತ್ತಿ, ನಡುವೆ ಫೋಮು, ಹೊರಗೆ ಮಳೆಗೆ ಜಗ್ಗದ ರೆಕ್ಸಿನ್. ದಬ್ಬಳ ಹಿಡಿದು ಅಂಚಿಗೆ ಎರಡು ಸುತ್ತು ಹೊಲಿಗೆ ಹಾಕಿದೆ. ಮೋಟಾರಿನ ಬಿಸಿ ಹೊರಹೋಗಲು ಅಡಿಯಲ್ಲಿ ಜಾಗ ಬಿಟ್ಟೆ. ಗದ್ದದ ಕೆಳಗೆ ಬಿಗಿಯಲು ಲಾಡಿ. ಕೂಸಿಗಾಗಿ ಹೊಲಿದದ್ದಲ್ಲವೇ, ಕಟ್ಟಡದವರು ಅದನ್ನು ಕುಲಾವಿ ಎಂದೇ ಕರೆದರು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವವರನ್ನು ನೋಡಿ ನಗುತ್ತೇವೆ; ಇಲ್ಲಿ ಕೂಸು ಒಂದು ಕಡೆ, ಕುಲಾವಿ ಇನ್ನೊಂದು ಕಡೆ. ಮುಂದಿನ ಬುಧವಾರ ಸೈರನ್ ಊದಿದಾಗ ಯಾರೋ ದೂರದ ಮನೆಯಲ್ಲಿ ಮಿಕ್ಸಿ ಹಾಕಿದಷ್ಟೇ ಸದ್ದು. ಕೂಸು ಮಗ್ಗುಲು ಬದಲಿಸಿತಂತೆ. ಬಾಣಂತಿ ಕೆಳಗಿಳಿದು ಬಂದು "ಅಣ್ಣಾ, ನಿಮ್ಮ ಕೈಗೆ ಪುಣ್ಯ ಬರಲಿ" ಎಂದಾಗ ನಾನು ಉಬ್ಬಿಹೋದೆ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ಜನ ಕೇಳುತ್ತಾರೆ. ಕಟ್ಟಿದ್ದ ಗಂಟೆಗೆ ಹತ್ತಿ ತುರುಕಿದವನು ನಾನು.

ಇಷ್ಟರ ತನಕ ತಪ್ಪು ನಮ್ಮದು. ಇನ್ನು ನಿಮ್ಮ ಪಾಲಿಗೆ ಬರುತ್ತೇನೆ. ನಿಮ್ಮ ಮೇಲ್ವಿಚಾರಕರು ತಪಾಸಣೆಗೆಂದು ತಾರಸಿ ಹತ್ತಿದ ದಿನ ನಾವು ಹೆದರಿಕೊಂಡೇ ಅವರ ಹಿಂದೆ ಹತ್ತಿದೆವು. ಅವರು ಕುಲಾವಿಯ ಸುತ್ತ ಒಂದು ಸುತ್ತು ಬಂದರು.

"ಏನಿದು?"

"ಧೂಳು ಕೂರ್ಬಾರ್ದು ಅಂತ ಸಾರ್" ಎಂದ ನಮ್ಮ ವಾಚ್‌ಮನ್.

ಅವರು ಹೊಲಿಗೆಯ ಮೇಲೆ ಬೆರಳಾಡಿಸಿ, "ಕೆಲಸ ನೀಟಾಗಿದೆ. ಯಾರು ಮಾಡಿದ್ದು?" ಎಂದಷ್ಟೇ ಕೇಳಿ ಇಳಿದು ಹೋದರು. ಅದಾದ ಮೇಲೆ ಒಂದು ದಿನ ನನ್ನ ಅಂಗಡಿಗೇ ಬಂದರು. ಬೇರೆ ಮೂರು ಸೈರನ್ನುಗಳ ಅಳತೆ ಚೀಟಿಯಲ್ಲಿ ಬರೆದುಕೊಂಡು ಬಂದಿದ್ದರು. ಅದರಲ್ಲಿ ಒಂದು ನಿಮ್ಮ ಅಧಿಕಾರಿಗಳ ವಸತಿಗೃಹದ ಹಿಂದಿನದು. "ಸಾಹೇಬರ ಮನೆ ಮೇಡಮ್ಮೋರಿಗೆ ತಲೆನೋವು ಬರತ್ತಂತೆ. ಧೂಳಿನ ಹೊದಿಕೆ ಅಂತಲೇ ಇರಲಿ. ಬಣ್ಣ ಮಾತ್ರ ನೀಲಿ, ಇಲಾಖೆಯ ಬಣ್ಣ" ಎಂದರು. ಅಳಿಯ ಅಲ್ಲ, ಮಗಳ ಗಂಡ. ನಾನು ಮೂರನ್ನೂ ನೀಲಿಯಲ್ಲೇ ಹೊಲಿದು ಕೊಟ್ಟೆ. ನನ್ನೊಳಗೆ ಇದ್ದ ಅಷ್ಟೋ ಇಷ್ಟೋ ಅಳುಕೂ ಅವತ್ತು ಹೋಯಿತು. ಸರ್ಕಾರವೇ ಹೊಲಿಸಿಕೊಳ್ಳುತ್ತಿದೆ ಎಂದ ಮೇಲೆ ಪ್ರಜೆಗೆ ಏನು ಭಯ?

ಪ್ರತಿ ಬುಧವಾರ ಊದಿದ ಮೇಲೆ ನಿಮ್ಮ ನಿಯಂತ್ರಣ ಕೊಠಡಿಯಿಂದ ವಾಚ್‌ಮನ್‌ಗೆ ಫೋನು ಬರುತ್ತಿತ್ತು. ಅವನಿಲ್ಲದಿದ್ದರೆ ನನಗೆ. "ಕೇಳಿಸ್ತಾ?" "ಕೇಳಿಸ್ತು ಮೇಡಂ." ಅಲ್ಲಿಗೆ ಮುಗಿಯಿತು. ಆ ಹೆಣ್ಣುಮಗಳಿಗೆ ಇನ್ನೂ ಎಷ್ಟೋ ಕಡೆ ಫೋನು ಮಾಡಬೇಕು, ನನಗೆ ಮಿಷನ್ನಿನ ಮೇಲಿರುವ ಸೀಟು ಮುಗಿಸಬೇಕು. ಇಬ್ಬರಿಗೂ ಬೇಕಾಗಿದ್ದುದು ಆ ಫೋನು ಬೇಗ ಮುಗಿಯುವುದು. ಯಾರೂ ಆಸೆಗೆ ಸುಳ್ಳು ಹೇಳಲಿಲ್ಲ ಸ್ವಾಮೀ, ಸೋಮಾರಿತನಕ್ಕೆ ಹೇಳಿದೆವು. ಶತ್ರುವಿನ ಗೂಢಚಾರ ನಮ್ಮ ಬೀದಿಗೆ ಬಂದು ವರ್ಷವಿಡೀ ಕುಳಿತಿದ್ದರೂ ಇಷ್ಟು ಸಲೀಸಾಗಿ ಸೈರನ್ನಿನ ಬಾಯಿ ಕಟ್ಟಲು ಅವನಿಂದ ಆಗುತ್ತಿರಲಿಲ್ಲ.

ಕುಲಾವಿಯ ಸುದ್ದಿಯನ್ನು ಅಕ್ಕನಿಗೆ ಮಾತ್ರ ಯಾರೂ ಹೇಳಲಿಲ್ಲ. ಹೇಳಿದ್ದರೆ ಅವಳೇ ಏಣಿ ಹಾಕಿಕೊಂಡು ಹತ್ತಿ ಕಿತ್ತು ಬಿಸಾಡುತ್ತಿದ್ದಳು. ಒಂದು ಬುಧವಾರ ಅಂಗಡಿಗೆ ಬಂದು ಕೇಳಿದಳು.

"ಇವತ್ತು ಊದಿದ್ರೇನೋ?"

"ಊದಿದ್ರಲ್ಲ ಅಕ್ಕ, ಆಗಲೇ."

"ನನಗೆ ಕೇಳಿಸ್ಲಿಲ್ಲ. ಹೋದ ವಾರವೂ ಕೇಳಿಸ್ಲಿಲ್ಲ."

"ವಯಸ್ಸಾಯ್ತಲ್ಲ. ಕಿವಿ ಮಂದ ಆಗಿರತ್ತೆ. ಒಂದ್ಸಲ ತೋರಿಸ್ಕೋ" ಎಂದೆ. ಎಷ್ಟು ಸರಾಗವಾಗಿ ಬಂತು ಆ ಮಾತು. ದಾರ ಕಚ್ಚಿ ತುಂಡು ಮಾಡುತ್ತಲೇ ಹೇಳಿದೆ.

ಅವಳು ಸುಮ್ಮನೆ ಕೂರುವವಳಲ್ಲ. ನಿಮ್ಮ ನಿಯಂತ್ರಣ ಕೊಠಡಿಗೆ ತಾನೇ ಫೋನು ಮಾಡಿದಳು. ಅಲ್ಲಿಂದ ಬಂದ ಉತ್ತರ ಏನು ಗೊತ್ತೇ? "ನಮ್ಮ ಕಡೆ ಎಲ್ಲಾ ಸರಿಯಾಗಿದೆ ಅಮ್ಮ. ನಿಮ್ಮ ಕಟ್ಟಡದವರೇ ಕೇಳಿಸ್ತು ಅಂದಿದ್ದಾರೆ. ನೀವು ಕಿವಿ ಡಾಕ್ಟರಿಗೆ ತೋರಿಸಿ." ನಾಗರಿಕನೂ ಸರ್ಕಾರವೂ ಒಂದೇ ಮಾತನಾಡಿದ ಘಳಿಗೆ ಇದು. ಸ್ವಂತ ತಮ್ಮ ಹೇಳಿದ್ದಾನೆ, ಸರ್ಕಾರ ಹೇಳಿದೆ. ಇನ್ನು ಅವಳು ನಂಬದೆ ಏನು ಮಾಡಬೇಕಿತ್ತು? ಡಾಕ್ಟರು ಪರೀಕ್ಷೆ ಮಾಡಿ ದೋಷವೇನೂ ಕಾಣುವುದಿಲ್ಲ ಎಂದರೂ ಅವಳು ಒಪ್ಪಲಿಲ್ಲ. ತನ್ನ ಕಿವಿಯ ಮೇಲೆ ಅವಳಿಗೆ ನಂಬಿಕೆ ಹೊರಟುಹೋಗಿತ್ತು. ಗಾಜು ತಟ್ಟುವಾಗ ತಲೆ ಬಗ್ಗಿಸಿ ಕಿವಿಯನ್ನು ಹಾಳೆಯ ಹತ್ತಿರಕ್ಕೆ ತರಲು ಶುರುಮಾಡಿದಳು. ಎದುರಿನ ಅಂಗಡಿಯಲ್ಲಿ ಕುಳಿತು ನಾನು ಅದನ್ನು ದಿನವೂ ನೋಡಿದೆ. ನೋಡಿಯೂ ಹೇಳಲಿಲ್ಲ. ಇವತ್ತು ಹೇಳೋಣ ಎಂದುಕೊಂಡದ್ದು ಉಂಟು, ನಾಳೆ ಬೈಗುಳ ತಿಂದರಾಯಿತು ಎಂದು ಮುಂದಕ್ಕೆ ಹಾಕಿದ್ದೂ ಉಂಟು.

ಯಾರ್ಡಿನ ಇಂಧನದ ಟ್ಯಾಂಕಿನ ಮೇಲೆ ಡ್ರೋನ್ ಬಿದ್ದದ್ದು ಬುಧವಾರವೇ. ಮಧ್ಯಾಹ್ನ ಊಟ ಮುಗಿಸಿ ನಾನು ಒಂದು ಬಸ್ಸಿನ ಸೀಟು ಬಿಚ್ಚಿಕೊಂಡು ಕುಳಿತಿದ್ದೆ. ಮೇಲಿನಿಂದ ಆ ಮಿಕ್ಸಿಯ ಗುಂಯ್‌ಗುಟ್ಟುವಿಕೆ ಕೇಳಿಸಿತು. ಹೌದು, ನನಗೆ ಕೇಳಿಸಿತು. ಅದು ಏನು ಎಂದು ತಿಳಿದವರಿಗೆ ಮಾತ್ರ ಕೇಳಿಸುವಷ್ಟು ಸದ್ದು ಅದು. ಬೆಳಿಗ್ಗೆ ಹತ್ತಕ್ಕೆ ಊದಬೇಕಾದ್ದನ್ನು ಈಗ ಊದುತ್ತಿದ್ದಾರೆ, ಸರ್ಕಾರದ ಹತ್ತು ಗಂಟೆ ಅಂದರೆ ಇದೇ ತಾನೇ ಎಂದುಕೊಂಡೆ. ಅದಕ್ಕೆ ಮೊದಲೂ ನೀವು ಎಷ್ಟೋ ಬುಧವಾರ ಊಟದ ಮೇಲೆಯೇ ಊದಿದ್ದಿರಿ. ಇನ್ನೂ ಒಂದು ಯೋಚನೆ ಬಂತು, ಅದನ್ನು ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ. ಇಷ್ಟು ಮಳೆ ಬಿಸಿಲು ಕಂಡರೂ ಕುಲಾವಿ ಸಡಿಲವಾಗಿಲ್ಲ, ಕೆಲಸ ಗಟ್ಟಿ ಇದೆ ಎಂದು ಖುಷಿಪಟ್ಟೆ. ಎದುರಿನ ಅಂಗಡಿಯಲ್ಲಿ ಅಕ್ಕ ದೊಡ್ಡ ಹಾಳೆಯೊಂದನ್ನು ಮೇಜಿನ ಮೇಲೆ ನಿಲ್ಲಿಸಿಕೊಂಡು ಒರೆಸುತ್ತಿದ್ದಳು. ಕೇಳಿಸಿದ್ದರೆ, ಪರೀಕ್ಷೆ ಎಂದುಕೊಂಡಿದ್ದರೂ ಇಳಿಯುವವಳು ಅವಳು. ಕುಲಾವಿ ಇಲ್ಲದ ಸೈರನ್ನುಗಳ ಬೀದಿಗಳವರು ನೆಲಮಾಳಿಗೆ ಸೇರಿ ಬಾಗಿಲು ಹಾಕಿಕೊಳ್ಳುವಷ್ಟು ಸಮಯವಿತ್ತು, ಅವರೆಲ್ಲ ಉಳಿದರು. ನಮ್ಮ ಬೀದಿಯಲ್ಲಿ ಒಬ್ಬರೂ ಎದ್ದೇಳಲಿಲ್ಲ. ಗಾಳಿಯ ಹೊಡೆತ ಬಂದಾಗ ನನ್ನ ಅಂಗಡಿಯಲ್ಲಿ ಇದ್ದದ್ದು ಬರೀ ಫೋಮು ಮತ್ತು ಹತ್ತಿ. ಅವಳ ಅಂಗಡಿಯಲ್ಲಿ ಇದ್ದದ್ದೆಲ್ಲ ಗಾಜು.

ಎಡಗಣ್ಣು ಹೋಯಿತು. ಬಲಗಣ್ಣಿಗೆ ಹೊಲಿಗೆ ಹಾಕಿ ಪಟ್ಟಿ ಕಟ್ಟಿದ್ದಾರೆ, ಎಷ್ಟು ಕಾಣಿಸುತ್ತದೆಂದು ಪಟ್ಟಿ ಬಿಚ್ಚಿದ ಮೇಲೆ ಹೇಳುತ್ತಾರಂತೆ. ಪ್ರಜ್ಞೆ ಬಂದ ಮೇಲೆ ಅವಳು ಮೊದಲು ಕೇಳಿದ್ದು ಬಾಣಂತಿಯ ಕೂಸು ಹೇಗಿದೆ ಎಂದು. ಚೆನ್ನಾಗಿದೆ ಎಂದೆ. ಆಮೇಲೆ ಹೇಳಿದಳು:

"ನೀನು ಬಡ್ಕೊಂಡೆ, ಕಿವಿ ಮಂದ ಆಗಿದೆ ಅಂತ. ಯಂತ್ರ ಹಾಕಿಸ್ಕೊಳ್ದೆ ನಾನೇ ಉದಾಸೀನ ಮಾಡ್ದೆ. ಎಲ್ಲರೂ ಇಳಿದಿರ್ತಾರೆ, ಅಲ್ವಾ? ನಾನೊಬ್ಬಳೇ ದಡ್ಡಿ ಹಾಗೆ ನಿಂತಿದ್ದೆ."

ಅವಳ ದಿಂಬಿನ ಕವರಿನ ಹೊಲಿಗೆ ಒಂದು ಕಡೆ ಬಿಟ್ಟುಕೊಂಡಿತ್ತು, ಅದನ್ನೇ ನೋಡುತ್ತ ಕುಳಿತೆ. ಕಣ್ಣಿಗೆ ಹೊಲಿಗೆ ಇರುವ ತನಕ ಅಳಬಾರದು ಎಂದು ಡಾಕ್ಟರು ಅವಳಿಗೆ ಹೇಳಿದ್ದರು. ಹೇಳಿದರೆ ಅತ್ತಾಳು ಎಂದು ನಾನು ಬಾಯಿ ಮುಚ್ಚಿಕೊಂಡೆ. ಕಳ್ಳನಿಗೊಂದು ಪಿಳ್ಳೆನೆವ.

ಮಾರನೆಯ ದಿನ ನಿಮ್ಮ ಮೇಲ್ವಿಚಾರಕರು ಬಂದರು. ಅಷ್ಟರಲ್ಲಿ ವಾಚ್‌ಮನ್ ಕುಲಾವಿಯನ್ನು ಬಿಚ್ಚಿ ತಾರಸಿಯ ಮೂಲೆಗೆ ಎಸೆದಿದ್ದ. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು, ಬೂಟುಗಾಲಿನಿಂದ ಅದನ್ನು ನೀರಿನ ಟ್ಯಾಂಕಿನ ಹಿಂದಕ್ಕೆ ತಳ್ಳಿದರು. "ಸೈರನ್ ಸುಸ್ಥಿತಿಯಲ್ಲಿದೆ" ಎಂದು ಬರೆದುಕೊಂಡು ಮೆಟ್ಟಿಲಿಳಿದರು. ನಾನು ತಡೆಯಲಿಲ್ಲ. ನಿಜ ಹೇಳುತ್ತೇನೆ, ಆಗ ನನಗೆ ಬಂದದ್ದು ಸಿಟ್ಟಲ್ಲ, ಸದ್ಯ ಬಚಾವಾದೆ ಎಂಬ ನೆಮ್ಮದಿ. ಸೈರನ್ ಸುಸ್ಥಿತಿಯಲ್ಲಿದ್ದ ಮೇಲೆ ಗಾಯಗೊಂಡವರದೇ ತಪ್ಪಾಗಬೇಕಲ್ಲವೇ? ಹಾಗಾಗಿ ಪೋಸ್ಟರು ಬಂತು. ಮೊದಲನೆಯದನ್ನು ನಮ್ಮ ಕಟ್ಟಡದ ಗೋಡೆಗೇ ಅಂಟಿಸಿದರು. ಊರಿನಲ್ಲಿ ನಿಮ್ಮ ಒಂದೊಂದು ನಿಯಮವನ್ನೂ ಶ್ರದ್ಧೆಯಿಂದ ಪಾಲಿಸಿದ ಹೆಂಗಸು ಯಾರಾದರೂ ಇದ್ದರೆ ಅದು ನನ್ನ ಅಕ್ಕ. ಅವಳನ್ನೇ ಉಡಾಫೆಗೆ ಉದಾಹರಣೆ ಮಾಡಿ ನಿಲ್ಲಿಸಿದಿರಿ. ಬೀದಿಯವರು ಅದನ್ನು ಓದುತ್ತಾರೆ, ತಲೆ ತಗ್ಗಿಸಿ ಮುಂದೆ ಹೋಗುತ್ತಾರೆ.

ದೇಶದ ಭದ್ರತೆ ಎಲ್ಲರ ಹೊಣೆ ಎಂದು ನೀವು ಹೋದಲ್ಲೆಲ್ಲ ಹೇಳುತ್ತೀರಿ. ಒಪ್ಪುತ್ತೇನೆ. ಆದರೆ ಎಲ್ಲರ ಹೊಣೆ ಎಂದು ಹೇಳಿಕೊಂಡು ನಾವು ಮಾಡಿದ್ದೇನು? ನಾವು ನಿಮ್ಮ ಕಡೆ ಬೆರಳು ತೋರಿಸಿದೆವು, ನೀವು ನಮ್ಮ ಕಡೆ ತೋರಿಸಿದಿರಿ, ಎರಡು ಬೆರಳುಗಳ ನಡುವೆ ಸಿಕ್ಕವಳು ಇಬ್ಬರನ್ನೂ ನಂಬಿದವಳು. ಗಡಿಯಲ್ಲಿ ಸೈನಿಕ ನಿಂತಿರುತ್ತಾನೆ, ಅವನ ಕೆಲಸ ಅವನು ಮಾಡುತ್ತಾನೆ ಎಂದುಕೊಂಡು ನಾವು ನಿಶ್ಚಿಂತೆಯಿಂದ ಇರುತ್ತೇವೆ. ಊರೊಳಗೆ ಭದ್ರತೆ ಎಂದರೆ ಇಷ್ಟು ಸಣ್ಣ ಸಂಗತಿ ಎಂದು ನನಗೆ ತಿಳಿದಿರಲಿಲ್ಲ: ಪ್ರಜೆ ಬಂದು ಕೂಸಿಗೆ ತೊಂದರೆಯಾಗುತ್ತಿದೆ ಎಂದಾಗ ಒಬ್ಬರು ಎದ್ದು ಬಂದು ಬೋಲ್ಟು ತಿರುಗಿಸುವುದು, ಕೇಳಿಸಿತಾ ಎಂದು ಕೇಳಿದಾಗ ಇಲ್ಲ ಎಂದು ಹೇಳುವುದು, ಇಲ್ಲ ಎಂದವರನ್ನು ಕಿವಿ ತೋರಿಸಿಕೊಳ್ಳಿ ಎಂದು ಅಟ್ಟದೇ ಇರುವುದು. ನಮ್ಮ ಕೈಯಲ್ಲಿ ಇದು ಆಗಲಿಲ್ಲ. ಕೋಟೆ ಕಟ್ಟುವ ಮಾತು ಆಡಿದೆವು, ಅಗುಳಿ ಹಾಕುವುದನ್ನು ಮರೆತೆವು.

ಈಗ ನನ್ನ ಬೇಡಿಕೆ. ನಾನು ಹೊಲಿದ ಮೂರು ನೀಲಿ ಹೊದಿಕೆಗಳನ್ನು ನೀವು ಈ ಪತ್ರ ಓದಿದ ಕೂಡಲೇ ತೆಗೆಸಬೇಕು. ಒಂದು ನಿಮ್ಮ ವಸತಿಗೃಹದ ಹಿಂದೆ, ಒಂದು ಹೆರಿಗೆ ಆಸ್ಪತ್ರೆಯ ಮೇಲೆ, ಇನ್ನೊಂದು ಹಳೆಯ ಸಿನಿಮಾ ಮಂದಿರದ ಪಕ್ಕದ ಕಂಬದಲ್ಲಿದೆ. ನಿಮ್ಮವರು ಬರುವುದು ತಡವಾದರೆ ಅಲ್ಲಿನ ನಿವಾಸಿಗಳೇ ಹತ್ತಬಹುದು: ಲಾಡಿಯ ಎಡಗಡೆಯ ತುದಿ ಎಳೆದರೆ ಗಂಟು ಬಿಚ್ಚಿಕೊಳ್ಳುತ್ತದೆ, ಕತ್ತರಿ ಬೇಡ. ಸೈರನ್ನಿನ ಬಾಯಿ ತೊಟ್ಟಿಲ ಕಡೆಗೆ ಇದ್ದಲ್ಲಿ ರಸ್ತೆಯ ಕಡೆ ತಿರುಗಿಸಿಕೊಡಿ, ಇಲ್ಲದಿದ್ದರೆ ನನ್ನಂಥವನೊಬ್ಬ ಎಲ್ಲ ಬೀದಿಯಲ್ಲೂ ಇರುತ್ತಾನೆ. ಬುಧವಾರ ಫೋನು ಮಾಡಬೇಡಿ, ಬೀದಿಯಲ್ಲಿ ಒಬ್ಬರನ್ನು ನಿಲ್ಲಿಸಿ. ಮತ್ತು ಆ ಪೋಸ್ಟರು. ಅದನ್ನು ಕಿತ್ತು, ನಮ್ಮ ಕಟ್ಟಡದ ಹೆಸರು, ನಿಮ್ಮ ಕಚೇರಿಯ ಹೆಸರು ಎರಡನ್ನೂ ಹಾಕಿ, ಸೈರನ್ ಕೇಳಿಸದಂತೆ ಮಾಡಿದವರು ಇವರು ಎಂದು ಅಷ್ಟೇ ದಪ್ಪಕ್ಷರದಲ್ಲಿ ಬರೆಸಿ. ನನ್ನ ಮೇಲೆ ಕೇಸು ಹಾಕುವುದಾದರೆ ಹಾಕಿ, ಬರುತ್ತೇನೆ.

ಕೊನೆಯದಾಗಿ ಒಂದು ಮಾತು. ಮೊನ್ನೆ ಅವಳ ಕಣ್ಣಿನ ಹೊಲಿಗೆ ಬಿಚ್ಚಿದರು. ಇನ್ನು ನನಗೆ ನೆವ ಉಳಿದಿಲ್ಲ. ಪಟ್ಟಿ ಇನ್ನೂ ಇರುವುದರಿಂದ ದಿನವೂ ಬೆಳಿಗ್ಗೆ ಅವಳಿಗೆ ಪೇಪರು ಓದಿ ಹೇಳುವವನು ನಾನೇ. ಮೊದಲ ಪುಟದಿಂದ ಶುರುಮಾಡಿ ಓದುಗರ ಪತ್ರಗಳ ತನಕ ಒಂದನ್ನೂ ಅವಳು ಬಿಡಗೊಡುವುದಿಲ್ಲ. ಈ ಪತ್ರ ಗುರುವಾರ ಅಚ್ಚಾಗುತ್ತದೆ ಎಂದು ಸಂಪಾದಕರು ಹೇಳಿದ್ದಾರೆ. ಗುರುವಾರ ಬೆಳಿಗ್ಗೆ ಎಂಟಕ್ಕೆ, ಕಣ್ಣಿನ ವಾರ್ಡಿನ ಕಿಟಕಿಯ ಪಕ್ಕದ ಹಾಸಿಗೆಯ ಬಳಿ ಕುಳಿತು, ಮೇಲಿನಿಂದ ಕೆಳಗಿನವರೆಗೆ ಒಂದು ಪದವನ್ನೂ ಬಿಡದೆ ಇದನ್ನು ಅವಳಿಗೆ ಓದುತ್ತೇನೆ. ದನಿ ತಗ್ಗಿಸಿಯೇ ಓದುತ್ತೇನೆ, ಅವಳಿಗೆ ಕೇಳಿಸುತ್ತದೆ. ಅಲ್ಲಿ ಎರಡು ಸ್ಟೂಲುಗಳಿವೆ. ಒಂದು ನನ್ನದು. ಇನ್ನೊಂದರ ಮೇಲೆ ನೀವು ಬಂದು ಕುಳಿತುಕೊಳ್ಳಬೇಕು. ಓದಿ ಮುಗಿದ ಮೇಲೆ ಅವಳು ಏನು ಹೇಳುತ್ತಾಳೋ ನನಗೆ ಗೊತ್ತಿಲ್ಲ. ಏನೇ ಹೇಳಲಿ, ಅದರಲ್ಲಿ ಅರ್ಧ ನಿಮಗೆ ಸೇರಬೇಕಾದ್ದು.

ಇಂತಿ,
ಬುಧವಾರ ಬುಧವಾರವೂ 'ಕೇಳಿಸ್ತು' ಎಂದ,
ಕುಷನ್ ಅಂಗಡಿಯವನು